ಕೊನೆಯ ಸಾಲಿನಿಂದ ಹಾಡು ಕಲಿತ ಊರು

ಹಾಡು ಹೇಳಿಕೊಡುವವರು ಪಲ್ಲವಿಯಿಂದ ಶುರು ಮಾಡುತ್ತಾರೆ. ಅದು ಬಾಯಿಗೆ ಕೂತ ಮೇಲೆ ಅನುಪಲ್ಲವಿ, ಆಮೇಲೆ ಚರಣ. ಇದರಲ್ಲೊಂದು ತೊಡಕಿದೆ ಎಂಬುದು ಗುಂಪಿನಲ್ಲಿ ಹಾಡಿದವರಿಗೆಲ್ಲ ಗೊತ್ತು. ಪಲ್ಲವಿ ನೂರು ಸಲ ಹಾಡಿ ಪಳಗಿರುತ್ತದೆ, ಕೊನೆಯ ಚರಣಕ್ಕೆ ಬರುವಷ್ಟರಲ್ಲಿ ತಾಲೀಮಿನ ಹೊತ್ತು ಮುಗಿದಿರುತ್ತದೆ. ಹಾಗಾಗಿ ವೇದಿಕೆಯ ಮೇಲೆ ಜೋರಾಗಿ ಎದ್ದ ಹಾಡು ಕೊನೆಕೊನೆಗೆ ಸಣ್ಣದಾಗುತ್ತದೆ. ಗಟ್ಟಿ ದನಿಯ ಒಬ್ಬಿಬ್ಬರ ಬೆನ್ನು ಹಿಡಿದು ಉಳಿದವರು ಹೇಗೋ ದಡ ಸೇರುತ್ತಾರೆ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬೆತ್ಲೆಹೆಮ್ ಎಂಬ ಊರಿನಲ್ಲಿ, 19ನೇ ಶತಮಾನ ಮುಗಿಯುತ್ತಿದ್ದ ಹೊತ್ತಿಗೆ, ಜಾನ್ ಫ್ರೆಡರಿಕ್ ವೊಲ್ಲೆ ಎಂಬ ಸಂಗೀತದ ಮೇಷ್ಟ್ರು ಈ ಕ್ರಮವನ್ನೇ ತಿರುಗಿಸಿಬಿಟ್ಟರು. ಕೃತಿಯ ಕಟ್ಟಕಡೆಯ ಕೋರಸ್, ಅದರಲ್ಲೂ ಕಟ್ಟಕಡೆಯ ಸಾಲು, ಅಲ್ಲಿಂದ ಪಾಠ. ಅದು ಬಂತೆನ್ನುವಾಗ ಅದರ ಹಿಂದಿನ ಸಾಲು, ಆಮೇಲೆ ಅದಕ್ಕೂ ಹಿಂದಿನದು. ಹೀಗೆ ಕಲಿತವರು ಹಾಡುತ್ತ ಮುಂದೆ ಹೋದಷ್ಟೂ ಹೆಚ್ಚು ಹೆಚ್ಚು ಪರಿಚಯದ ಜಾಗಕ್ಕೆ ಬರುತ್ತಾರೆ. ಕಷ್ಟವೆಲ್ಲ ಆರಂಭದಲ್ಲಿ, ಸಲಿಗೆ ಎಲ್ಲ ಅಂತ್ಯದಲ್ಲಿ. ದಣಿದ ಗಂಟಲಿಗೆ ಯಾವಾಗ ಧೈರ್ಯ ಬೇಕೋ ಆಗಲೇ ಅದು ಸಿಗುತ್ತದೆ.

ಅವರು ಹೀಗೆ ಕಲಿಸಿದ ಕೃತಿ ಜರ್ಮನಿಯ ಯೊಹಾನ್ ಸೆಬಾಸ್ಟಿಯನ್ ಬಾಖ್ ರಚಿಸಿದ ‘ಮಾಸ್ ಇನ್ ಬಿ ಮೈನರ್’. ಮಾಸ್ ಎಂದರೆ ಚರ್ಚಿನ ಪೂಜೆಯ ಮಾತುಗಳಿಗೆ ಕೂರಿಸಿದ ಸಂಗೀತ. ಕಲಿತವರು ಊರಿನ ಹವ್ಯಾಸಿಗಳು. ಹಾಗೆ ಹುಟ್ಟಿದ ‘ಬಾಖ್ ಕ್ವಾಯರ್ ಆಫ್ ಬೆತ್ಲೆಹೆಮ್’ಗೆ ಈಗ ನೂರಿಪ್ಪತ್ತೈದು ವರ್ಷ ದಾಟಿದೆ. 2022ರಲ್ಲಿ ಅದಕ್ಕೆ ಹೊಸ ಕಲಾ ನಿರ್ದೇಶಕರು ಬಂದರು. ಹೆಸರು ಕ್ರಿಸ್ಟೋಫರ್ ಜಾಕ್ಸನ್, ಆ ಪೀಠಕ್ಕೆ ಏಳನೆಯವರು. ಅವರ ಕೈಯಲ್ಲಿ ಸಾಗುತ್ತಿರುವ ಕಛೇರಿಗಳ ಬಗ್ಗೆ ಹೇಳುವುದು ಈ ಲೇಖನದ ಉದ್ದೇಶ. ಆದರೆ ವೊಲ್ಲೆಯವರನ್ನು ದಾಟಿ ಬೇಗ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಒಂದು ಹಟ, ಆರು ವರ್ಷದ ಮೌನ

ವೊಲ್ಲೆ ಹುಟ್ಟಿದ್ದು 1863ರಲ್ಲಿ, ಅದೇ ಊರಿನಲ್ಲಿ. ಮನೆತನದಲ್ಲೇ ಸಂಗೀತವಿತ್ತು. ಇಪ್ಪತ್ತರ ಹರೆಯದಲ್ಲಿ ಮ್ಯೂನಿಕ್‌ಗೆ ಹೋಗಿ, ಯೋಸೆಫ್ ರೈನ್‌ಬರ್ಗರ್ ಅವರ ಬಳಿ ಆರ್ಗನ್ ಕಲಿತರು. ಅಲ್ಲಿಯೇ ಬಾಖ್‌ನ ‘ಸೇಂಟ್ ಜಾನ್ ಪ್ಯಾಶನ್’ ಅವರ ಕಿವಿಗೆ ಬಿದ್ದದ್ದು. ಏಸುವಿನ ಬಂಧನ, ವಿಚಾರಣೆ, ಮರಣಗಳನ್ನು ಹಾಡಿನಲ್ಲೇ ಹೇಳುವ ದೊಡ್ಡ ಕೃತಿ ಅದು. ಊರಿಗೆ ಮರಳಿದ ಮೇಲೆ, ತಾವು ನಡೆಸುತ್ತಿದ್ದ ‘ಕೋರಲ್ ಯೂನಿಯನ್’ ಎಂಬ ಗಾಯನವೃಂದಕ್ಕೆ ಅದನ್ನು ಕಲಿಸಿ 1888ರಲ್ಲಿ ಹಾಡಿಸಿದರು. ಅಮೆರಿಕದಲ್ಲಿ ಆ ಕೃತಿ ಪೂರ್ತಿಯಾಗಿ ಕೇಳಿಸಿದ್ದು ಅದೇ ಮೊದಲು. 1892ರಲ್ಲಿ ಇನ್ನೂ ದೊಡ್ಡದಾದ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಆಯಿತು.

ಮುಂದಿನ ಮೆಟ್ಟಿಲು ‘ಬಿ ಮೈನರ್ ಮಾಸ್’. ಅದರ ಸ್ವರಲಿಪಿ ಬಿಚ್ಚಿ ನೋಡಿದ ಹಾಡುಗಾರರು ಕೈ ಮುಗಿದುಬಿಟ್ಟರು. ಇದು ನಮ್ಮಿಂದಾಗದು, ಬೇರೇನಾದರೂ ಕೊಡಿ ಎಂದರು. ಮೇಷ್ಟ್ರು ಬೇರೇನನ್ನೂ ಕೊಡಲು ಒಪ್ಪಲಿಲ್ಲ. ಅವರೂ ಬಗ್ಗಲಿಲ್ಲ, ಇವರೂ ಬಗ್ಗಲಿಲ್ಲ. ವೃಂದವೇ ಚದುರಿಹೋಯಿತು.

ಆರು ವರ್ಷ ಹಾಗೇ ಕಳೆಯಿತು. 1898ರಲ್ಲಿ ರೂತ್ ಪೋರ್ಟರ್ ಡಾಸ್ಟರ್ ಎಂಬ ಹೆಣ್ಣುಮಗಳು ಊರಿನಲ್ಲಿ ಮತ್ತೆ ಗಾಯನವೃಂದ ಕಟ್ಟಬೇಕೆಂದು ಓಡಾಡಿ ಜನರನ್ನು ಸೇರಿಸಿದರು. ವೊಲ್ಲೆ ಬರಲು ಒಪ್ಪಿದರು, ಆದರೆ ಕರಾರು ಹಳೆಯದೇ: ಹಾಡುವುದಾದರೆ ಅದೇ ಮಾಸ್. ಹೆದರಿ ಓಡಿಹೋದ ಊರನ್ನು ಎರಡನೇ ಸಲ ಅದೇ ಬೆಟ್ಟದ ಬುಡಕ್ಕೆ ಕರೆತಂದಾಗ ಮೇಷ್ಟ್ರು ಹೊಸ ದಾರಿ ಹುಡುಕಿದರು. ಕೊನೆಯಿಂದ ಮೊದಲಿಗೆ ಕಲಿಸುವ ವಿಧಾನದ ಹಿಂದೆ ಆ ಹಳೆಯ ಸೋಲಿನ ನೆನಪೂ ಇದ್ದಿರಬೇಕು.

ಒಂದು ವರ್ಷಕ್ಕೂ ಹೆಚ್ಚು ಕಾಲ ತಾಲೀಮು ನಡೆಯಿತು. 1900ರ ಮಾರ್ಚ್ 27ರಂದು ಊರಿನ ಸೆಂಟ್ರಲ್ ಮೊರೇವಿಯನ್ ಚರ್ಚಿನಲ್ಲಿ ಮಧ್ಯಾಹ್ನ ಒಂದು ಭಾಗ, ಸಂಜೆ ಒಂದು ಭಾಗವಾಗಿ ಮಾಸ್ ಪೂರ್ತಿ ಹಾಡಲಾಯಿತು. ಬಾಖ್ ತೀರಿಕೊಂಡು ಆಗಲೇ ನೂರೈವತ್ತು ವರ್ಷ. ಅಮೆರಿಕದಲ್ಲಿ ಅದು ಅಖಂಡವಾಗಿ ಕೇಳಿಸಿದ್ದು ಆ ದಿನವೇ. ನ್ಯೂಯಾರ್ಕ್‌ನಲ್ಲೂ ಅಲ್ಲ, ಬಾಸ್ಟನ್‌ನಲ್ಲೂ ಅಲ್ಲ, ಕಬ್ಬಿಣದ ಕುಲುಮೆಗಳ ಹೊಗೆ ಕುಡಿಯುತ್ತಿದ್ದ ಒಂದು ಸಣ್ಣ ಊರಿನಲ್ಲಿ.

ಆ ಕೃತಿಯ ಕಷ್ಟ ಎಂಥದ್ದೆಂದು ಒಂದಿಷ್ಟು ಹೇಳಬೇಕು. ಬಾಖ್ ಅದನ್ನು ಒಂದೇ ಸಲ ಕೂತು ಬರೆದದ್ದಲ್ಲ. ಮೊದಲ ಎರಡು ಭಾಗಗಳು 1733ರವು. ನಡುವಿನ ‘ಸಾಂಕ್ಟುಸ್’ ಇನ್ನೂ ಹಳೆಯದು, 1724ರ ಕ್ರಿಸ್‌ಮಸ್‌ಗೆ ಬರೆದದ್ದು. ಕ್ರೂಶದ ಸಂಕಟದ ‘ಕ್ರೂಸಿಫಿಕ್ಸುಸ್’ 1714ರ ಒಂದು ಕ್ಯಾಂಟಾಟಾದಿಂದ, ಅಂದರೆ ಚರ್ಚಿಗಾಗಿ ಬರೆದ ಚಿಕ್ಕ ಗಾಯನಕೃತಿಯಿಂದ, ಎತ್ತಿಕೊಂಡದ್ದು. ಕಣ್ಣು ಮಂಜಾಗುತ್ತಿದ್ದ ಕೊನೆಯ ವರ್ಷಗಳಲ್ಲಿ, 1748–49ರ ಸುಮಾರಿಗೆ, ಇವನ್ನೆಲ್ಲ ಒಟ್ಟುಗೂಡಿಸಿ, ಇಲ್ಲದ್ದನ್ನು ಹೊಸದಾಗಿ ಬರೆದು, ಎರಡು ತಾಸಿಗೆ ಸಮೀಪದ ಒಂದೇ ಕೃತಿಯಾಗಿಸಿದ. ಬದುಕಿರುವಾಗ ಅದನ್ನು ಪೂರ್ತಿಯಾಗಿ ಕೇಳುವ ಯೋಗ ಅವನಿಗೆ ಬರಲಿಲ್ಲ. ಕೋರಸ್ಸುಗಳು ಕೆಲವೆಡೆ ನಾಲ್ಕು ದನಿಗೆ, ಕೆಲವೆಡೆ ಐದಕ್ಕೆ, ‘ಸಾಂಕ್ಟುಸ್’ ಆರಕ್ಕೆ, ‘ಓಸಾನ್ನಾ’ ಎಂಟಕ್ಕೆ. ವೃತ್ತಿಪರರೂ ಬೆವರುವ ಕೃತಿ ಇದು.

ಇನ್ನೊಂದು ಸೊಗಸಿದೆ. ಕೃತಿಯ ಕಟ್ಟಕಡೆಯ ಕೋರಸ್ ಶಾಂತಿಯನ್ನು ಬೇಡುವಂಥದ್ದು. ಅದರ ಸಂಗೀತವನ್ನು ಬಾಖ್ ಹೊಸದಾಗಿ ಕಟ್ಟಲಿಲ್ಲ, ಎರಡನೇ ಭಾಗದಲ್ಲಿ ದೇವರಿಗೆ ಕೃತಜ್ಞತೆ ಹೇಳುವ ಕೋರಸ್ಸಿನದನ್ನೇ ಮತ್ತೆ ತಂದ. ಹೀಗಾಗಿ ಕೊನೆಯಿಂದ ಕಲಿಯಲು ಹೊರಟವರು ಕೊನೆಯದನ್ನು ಮುಗಿಸುವಾಗ ಮಧ್ಯದ ಒಂದು ದೊಡ್ಡ ತುಣುಕನ್ನೂ ಗೊತ್ತಿಲ್ಲದೆ ಕಲಿತಿರುತ್ತಾರೆ.

ಗೋಪುರದಿಂದ ಬರುತ್ತಿದ್ದ ಸುದ್ದಿ

ಇಷ್ಟಕ್ಕೂ ಈ ಊರಿಗೇ ಯಾಕೆ ಇಂಥ ಹುಚ್ಚು? ಉತ್ತರ ಊರು ಹುಟ್ಟಿದ ಬಗೆಯಲ್ಲಿದೆ. ಬೆತ್ಲೆಹೆಮ್ ಕಟ್ಟಿದವರು ಮೊರೇವಿಯನ್ನರು. ಇಂದಿನ ಚೆಕ್ ದೇಶದ ಬೊಹೀಮಿಯಾ, ಮೊರೇವಿಯಾ ಪ್ರಾಂತಗಳಲ್ಲಿ ಯಾನ್ ಹುಸ್ ಎಂಬ ಸುಧಾರಕನ ಅನುಯಾಯಿಗಳಿಂದ ಬೆಳೆದ ಪಂಥ ಅದು. ಕಿರುಕುಳ ತಾಳಲಾರದೆ ಅವರು ಜರ್ಮನಿಯ ಹೆರ್ನ್‌ಹೂಟ್‌ನಲ್ಲಿ ಕೌಂಟ್ ಜಿನ್ಸೆನ್‌ಡಾರ್ಫ್ ಎಂಬ ಜಮೀನ್ದಾರನ ಆಶ್ರಯ ಪಡೆದರು. ಅಲ್ಲಿಂದ ಸಮುದ್ರ ದಾಟಿ ಬಂದ ಒಂದು ಗುಂಪು 1741ರ ಕ್ರಿಸ್‌ಮಸ್ ಹಿಂದಿನ ರಾತ್ರಿ, ಕೊಟ್ಟಿಗೆಗೆ ಅಂಟಿಕೊಂಡಿದ್ದ ಮರದ ಮನೆಯೊಂದರಲ್ಲಿ ಸೇರಿ ಹಾಡಿ, ಊರಿಗೆ ಏಸು ಹುಟ್ಟಿದ ಊರಿನ ಹೆಸರಿಟ್ಟಿತು.

ಮೊದಮೊದಲು ಅಲ್ಲಿ ಎಲ್ಲರ ದುಡಿಮೆಯೂ ಒಂದೇ ಕಣಜಕ್ಕೆ. ಬೇಸಾಯ, ಚರ್ಮ ಹದಮಾಡುವುದು, ಕಮ್ಮಾರಿಕೆಗಳ ಜೊತೆಗೆ ಸಂಗೀತವೂ ದಿನದ ಕೆಲಸಗಳಲ್ಲೊಂದು. ಊರು ಹುಟ್ಟಿ ಮೂರೇ ವರ್ಷಕ್ಕೆ, 1744ರಲ್ಲಿ, ವಾದ್ಯಮೇಳ ಕಟ್ಟಿಕೊಂಡರು. ಬೆಂಜಮಿನ್ ಫ್ರಾಂಕ್ಲಿನ್ ಆ ಸೀಮೆಗೆ ಕೋಟೆ ಕಟ್ಟಿಸಲು ಹೋದಾಗ ಅವರ ಚರ್ಚಿನಲ್ಲಿ ಆರ್ಗನ್ ಜೊತೆಗೆ ಪಿಟೀಲು, ಕೊಳಲು, ಓಬೋಗಳನ್ನು ಕೇಳಿ ಮೆಚ್ಚಿ, ತಮ್ಮ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅವರ ಟ್ರಾಂಬೋನ್ ಮೇಳ. 1754ರಲ್ಲಿ ಯೂರೋಪಿನಿಂದ ಬಂದ ಆ ಹಿತ್ತಾಳೆ ವಾದ್ಯಗಳನ್ನು ಗೋಪುರದ ಮೇಲೆ ನಿಂತು ಊದುತ್ತಿದ್ದರು. ಹಬ್ಬಕ್ಕೆ ಒಂದು ಬಗೆ, ಅತಿಥಿಗಳನ್ನು ಎದುರುಗೊಳ್ಳಲು ಒಂದು ಬಗೆ, ಸಾವಿಗೆ ಇನ್ನೊಂದು. ಯಾರಾದರೂ ತೀರಿಕೊಂಡರೆ ಮೂರು ಭಕ್ತಿಗೀತೆಗಳ ಧಾಟಿ ಕೇಳಿಸುತ್ತಿತ್ತು. ನಡುವಿನ ಧಾಟಿ ಯಾವುದು ಎಂಬುದರ ಮೇಲೆ ಹೋದವರು ಮದುವೆಯಾದ ಗಂಡಸೋ, ವಿಧವೆಯೋ, ಮದುವೆಯಾಗದ ಹೆಣ್ಣುಮಗಳೋ, ಕೂಸೋ ಎಂದು ಹೊಲದಲ್ಲಿದ್ದವರಿಗೂ ತಿಳಿಯುತ್ತಿತ್ತು. ಸಾವಿನ ಸುದ್ದಿಯನ್ನು ರಾಗದಲ್ಲಿ ಗುರುತಿಸುವಷ್ಟು ಕಿವಿ ಪಳಗಿದ್ದ ಊರು ಅದು. 1900ರ ಆ ಕಛೇರಿಗೂ ಜನರನ್ನು ಕರೆದದ್ದು ಗಂಟೆಗೋಪುರದ ಮೇಲಿನ ಟ್ರಾಂಬೋನುಗಳೇ. ಆ ಪದ್ಧತಿ ಇಂದಿಗೂ ಬಾಖ್ ಉತ್ಸವದ ಭಾಗ. ಮೊರೇವಿಯನ್ನರು ಕಟ್ಟಿದ ಹಳೆಯ ಊರು 2024ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಉಕ್ಕಿನ ದುಡ್ಡು

1900ರ ಆ ಕಛೇರಿಯಿಂದ ಶುರುವಾದ ಬಾಖ್ ಉತ್ಸವ 1901ರಲ್ಲಿ ಮೂರು ದಿನಕ್ಕೆ ಬೆಳೆಯಿತು, ಆಮೇಲೆ ಇನ್ನೂ ದೊಡ್ಡದಾಯಿತು. ಅಷ್ಟರಲ್ಲಿ 1905ಕ್ಕೆ ವೊಲ್ಲೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸಂಗೀತ ವಿಭಾಗ ಕಟ್ಟಲು ಹೊರಟರು. ಮೇಷ್ಟ್ರು ಹೋದ ಮೇಲೆ ಹಾಡೂ ನಿಂತಿತು. ಒಬ್ಬ ವ್ಯಕ್ತಿಯ ಮೇಲೆ ನಿಂತ ಸಂಸ್ಥೆಗೆ ಆಗುವುದೇ ಆಯಿತು.

ಅದನ್ನು ಎಬ್ಬಿಸಿ ನಿಲ್ಲಿಸಿದ್ದು ನದಿಯಾಚೆಯ ದುಡ್ಡು. ಲೀಹೈ ನದಿಯ ಉತ್ತರ ದಂಡೆಯಲ್ಲಿ ಮೊರೇವಿಯನ್ನರ ಹಳೆಯ ಊರಾದರೆ, ದಕ್ಷಿಣದಲ್ಲಿ ಬೆತ್ಲೆಹೆಮ್ ಸ್ಟೀಲ್ ಕಂಪನಿಯ ಕುಲುಮೆಗಳು ಎದ್ದಿದ್ದವು. ಅದರ ಒಡೆಯ ಚಾರ್ಲ್ಸ್ ಶ್ವಾಬ್ ಸಂಗೀತದ ಮೋಹವಿದ್ದ ಮನುಷ್ಯ. ಅವರ ಬೆಂಬಲ ಸಿಕ್ಕಿ, ವೊಲ್ಲೆ ಮರಳಿ ಬಂದು, 1912ರಲ್ಲಿ ಲೀಹೈ ವಿಶ್ವವಿದ್ಯಾಲಯದ ಪ್ಯಾಕರ್ ಚರ್ಚಿನಲ್ಲಿ ಉತ್ಸವ ಮತ್ತೆ ಶುರುವಾಯಿತು. 1933ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ವೊಲ್ಲೆ ಅದನ್ನು ನಡೆಸಿದರು. ಕೈಯಲ್ಲಿ ಕೋಲು ಹಿಡಿಯದೆ, ಬರಿಗೈಯಲ್ಲೇ ಮೇಳವನ್ನು ನಡೆಸುವುದು ಅವರ ರೀತಿ. ಚಪ್ಪಾಳೆ ತಟ್ಟಬಾರದು ಎಂಬುದು ಆಗಿನ ಉತ್ಸವದ ಕಟ್ಟಳೆ.

ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಗೆ, ನ್ಯೂಯಾರ್ಕ್‌ನ ಕ್ರೈಸ್ಲರ್ ಕಟ್ಟಡಕ್ಕೆ ಉಕ್ಕು ಕೊಟ್ಟ ಕಂಪನಿ ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ಊರಿನ ಕಾರ್ಖಾನೆಯೊಂದರಲ್ಲೇ ಮೂವತ್ತು ಸಾವಿರದಷ್ಟು ಜನ ದುಡಿಯುತ್ತಿದ್ದರು. 1995ರಲ್ಲಿ ಅಲ್ಲಿ ಉಕ್ಕು ಎರಕ ಹೊಯ್ಯುವುದು ನಿಂತಿತು. 2001ರಲ್ಲಿ ಕಂಪನಿ ದಿವಾಳಿ ಎದ್ದಿತು. ಭದ್ರಾವತಿಯ ಕಾರ್ಖಾನೆಯ ಸುತ್ತ ಬೆಳೆದವರಿಗೆ ಇಂಥ ಸುದ್ದಿ ಮನೆಯೊಳಗೆ ಹೇಗೆ ಬಂದು ಕೂರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಕುಲುಮೆಗಳ ಕರಿಯ ಗೋಪುರಗಳು ಇಂದಿಗೂ ಅಲ್ಲಿ ನಿಂತಿವೆ. 2011ರಿಂದ ಅವುಗಳ ಬುಡದಲ್ಲಿ ‘ಸ್ಟೀಲ್‌ಸ್ಟ್ಯಾಕ್ಸ್’ ಎಂಬ ಕಲಾ ಕೇಂದ್ರ ನಡೆಯುತ್ತಿದೆ. ಕ್ವಾಯರನ್ನು ಸಾಕಿದ ಕಂಪನಿ ಹೋಯಿತು, ಕ್ವಾಯರ್ ಉಳಿಯಿತು.

ಉಸಿರು ಕದ್ದು ಹಾಡುವ ವಿದ್ಯೆ

ಈ ಕ್ವಾಯರಿನಲ್ಲಿ ಹಾಡುವವರಿಗೆ ಸಂಬಳವಿಲ್ಲ. ಧ್ವನಿ ಪರೀಕ್ಷೆಯಲ್ಲಿ ಪಾಸಾಗಿ ಒಳಗೆ ಬಂದ ಊರಿನ, ಸುತ್ತಲಿನ ಜನ ಇವರು. ಹಗಲೆಲ್ಲ ಬೇರೆ ಉದ್ಯೋಗ, ವಾರಕ್ಕೊಂದು ಸಂಜೆ ತಾಲೀಮು. ಜೊತೆಗಿರುವ ವಾದ್ಯವೃಂದದವರು, ಒಂಟಿಯಾಗಿ ಹಾಡುವ ಗಾಯಕರು ವೃತ್ತಿಪರರು, ಅವರಿಗೆ ಸಂಭಾವನೆ ಉಂಟು.

ನಮ್ಮ ಸಂಗೀತದಲ್ಲಿ ಹತ್ತು ಜನ ಸೇರಿ ಹಾಡಿದರೂ ಹಾಡು ಒಂದೇ. ಇಲ್ಲಿ ಹಾಗಲ್ಲ. ಹೆಂಗಸರ ಎತ್ತರದ ದನಿ ಸೊಪ್ರಾನೋ, ತಗ್ಗಿನದು ಆಲ್ಟೋ, ಗಂಡಸರದು ಟೆನರ್ ಮತ್ತು ಬೇಸ್. ಒಂದೊಂದು ಗುಂಪಿಗೂ ಬೇರೆ ಬೇರೆ ಹಾಡು, ಒಟ್ಟಿಗೆ ಕೇಳಿದರೆ ಒಂದೇ ಹಾಡು. ‘ಫ್ಯೂಗ್’ ಎಂಬ ಕಟ್ಟಿನಲ್ಲಂತೂ ಒಂದು ಗುಂಪು ಒಂದು ಸಾಲನ್ನು ಎತ್ತುತ್ತದೆ. ಅದು ಮುಂದುವರಿಯುತ್ತಿರುವಾಗಲೇ ಎರಡನೆಯ ಗುಂಪು ಅದೇ ಸಾಲನ್ನು ಬೇರೆ ಸ್ವರದಿಂದ ಎತ್ತಿಕೊಳ್ಳುತ್ತದೆ, ಆಮೇಲೆ ಮೂರನೆಯದು, ನಾಲ್ಕನೆಯದು. ‘ಬಿ ಮೈನರ್ ಮಾಸ್’ ಶುರುವಾಗುವುದು ನಾಲ್ಕು ಆವರ್ತನದಷ್ಟು ಉದ್ದದ ಒಂದು ದೊಡ್ಡ ಮೊರೆಯಿಂದ. ಬಳಿಕ ವಾದ್ಯಗಳು ಸುದೀರ್ಘವಾಗಿ ನುಡಿಯುತ್ತವೆ. ಆಮೇಲೆ ಟೆನರ್‌ಗಳು ಒಂಟಿಯಾಗಿ ಸಾಲು ಎತ್ತಬೇಕು. ಬೆನ್ನಿಗೆ ಬೇರೆ ಯಾವ ಗುಂಪೂ ಇಲ್ಲದ ಆ ಕ್ಷಣ ಹವ್ಯಾಸಿಗಳಿಗೆ ಅಗ್ನಿಪರೀಕ್ಷೆ.

ಉಸಿರಿನ ಲೆಕ್ಕ ಇನ್ನೊಂದು. ಬಾಖ್ ಹಾಡುಗಾರರ ಗಂಟಲನ್ನು ವಾದ್ಯದಂತೆ ನಡೆಸಿಕೊಳ್ಳುತ್ತಾನೆ. ಸಾಲುಗಳು ಉದ್ದ, ನಿಲ್ಲಲು ಜಾಗವಿಲ್ಲ. ಅದಕ್ಕೆ ಕ್ವಾಯರಿನವರು ಪಕ್ಕದವರೊಡನೆ ಒಪ್ಪಂದ ಮಾಡಿಕೊಳ್ಳುತ್ತಾರೆ: ನೀನು ಇಲ್ಲಿ ಉಸಿರು ತೆಗೆದುಕೋ, ನಾನು ಅಲ್ಲಿ. ಪದ ಮುಗಿದಾಗ ಎಲ್ಲರೂ ಉಸಿರೆಳೆದರೆ ಹಾಡು ತುಂಡಾಗುತ್ತದೆ. ಹಾಗಾಗಿ ಪದದ ನಡುವೆಯೇ ಸದ್ದಿಲ್ಲದೆ ದನಿ ಬಿಟ್ಟು, ಉಸಿರು ತುಂಬಿಕೊಂಡು, ಸದ್ದಿಲ್ಲದೆ ಮತ್ತೆ ಸೇರಿಕೊಳ್ಳುತ್ತಾರೆ. ಸಭೆಗೆ ಕೇಳಿಸುವುದು ಯಾರೊಬ್ಬರ ಎದೆಗೂ ಸಾಧ್ಯವಿಲ್ಲದಷ್ಟು ಉದ್ದದ ಒಂದು ಉಸಿರು. ಪ್ರತಿಯೊಬ್ಬರ ಸ್ವರಪುಸ್ತಕದಲ್ಲೂ ಪೆನ್ಸಿಲ್ಲಿನ ಗುರುತುಗಳು ತುಂಬಿರುವುದು ಇಂಥ ಒಪ್ಪಂದಗಳಿಗಾಗಿ.

ಏಳನೆಯವರು

ವೊಲ್ಲೆಯವರ ನಂತರ ಕೆನಡಾದ ಬ್ರೂಸ್ ಕೇರಿ ಬಂದರು. 1939ರಿಂದ ಮೂವತ್ತು ವರ್ಷ ವೇಲ್ಸ್ ದೇಶದ ಐಫರ್ ಜೋನ್ಸ್. ಅವರ ನಂತರದ ಆಲ್‌ಫ್ರೆಡ್ ಮಾನ್ ಹೆಸರಾಂತ ವಿದ್ವಾಂಸರು, ಫುಕ್ಸ್ ಎಂಬಾತ ಬರೆದ ಸಂಗೀತಶಾಸ್ತ್ರ ಗ್ರಂಥವನ್ನು ಇಂಗ್ಲಿಷಿಗೆ ತಂದವರು. ಕೆಲಕಾಲ ವಿಲಿಯಂ ರೀಸ್. 1983ರಲ್ಲಿ ಬಂದ ಗ್ರೆಗ್ ಫನ್‌ಫೆಲ್ಡ್ ಮೂವತ್ತೊಂಬತ್ತು ವರ್ಷ ಆಳಿದರು. ಅವರ ಕಾಲದಲ್ಲಿ ಕ್ವಾಯರ್ 2003ರಲ್ಲಿ ಲಂಡನ್‌ನ ಪ್ರಾಮ್ಸ್ ಉತ್ಸವದಲ್ಲಿ ಹಾಡಿತು. 2005ರಿಂದ ‘ಬಾಖ್ ಅಟ್ ನೂನ್’ ಶುರುವಾಯಿತು. ತಿಂಗಳ ಎರಡನೇ ಮಂಗಳವಾರ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಒಂದು ತಾಸಿನೊಳಗೆ ಮುಗಿಯುವ ಉಚಿತ ಕಛೇರಿ.

ಇಂಥವರ ಜಾಗಕ್ಕೆ 2022ರಲ್ಲಿ ಬಂದವರು ಕ್ರಿಸ್ಟೋಫರ್ ಜಾಕ್ಸನ್. ಪಕ್ಕದೂರು ಆಲೆನ್‌ಟೌನ್‌ನ ಮ್ಯೂಲೆನ್‌ಬರ್ಗ್ ಕಾಲೇಜಿನಲ್ಲಿ ಗಾಯನವೃಂದ ನಡೆಸುತ್ತಿದ್ದವರು. ಹೊಸಬರಿಗೆ ಕಾಲವೇನೂ ಸಲೀಸಾಗಿರಲಿಲ್ಲ. ಕೊರೊನಾ ಬಂದಾಗ ಒಟ್ಟಾಗಿ ಹಾಡುವುದೇ ಅಪಾಯದ ಕೆಲಸವಾಗಿತ್ತು. 2020ರ ಮಾರ್ಚ್ 10ರಂದು ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯ ಇಂಥದೇ ಒಂದು ಊರ ಕ್ವಾಯರಿನ ತಾಲೀಮಿಗೆ 61 ಜನ ಸೇರಿದ್ದರು. ಅವರಲ್ಲಿ 53 ಮಂದಿಗೆ ಸೋಂಕು ತಗುಲಿತು, ಇಬ್ಬರು ತೀರಿಕೊಂಡರು. ಆ ಸುದ್ದಿಯ ನಂತರ ಜಗತ್ತಿನಾದ್ಯಂತ ಕ್ವಾಯರುಗಳು ಬಾಯಿ ಮುಚ್ಚಿ ಕೂತವು. ಮತ್ತೆ ಪಕ್ಕಪಕ್ಕ ನಿಂತು ಎದೆತುಂಬ ಉಸಿರೆಳೆಯುವ ಧೈರ್ಯ ಬರುತ್ತಿದ್ದ ಹೊತ್ತಿನಲ್ಲಿ ಜಾಕ್ಸನ್ ಅಧಿಕಾರ ವಹಿಸಿಕೊಂಡರು.

ಕಲಾ ನಿರ್ದೇಶಕ ಎಂದರೆ ಕಛೇರಿಯ ದಿನ ಎದುರಿಗೆ ನಿಂತು ಕೈ ಆಡಿಸುವವರು ಎಂದಷ್ಟೇ ತಿಳಿಯಬಾರದು. ವರ್ಷಕ್ಕೆ ಏನು ಹಾಡಬೇಕು, ಯಾವ ಕೃತಿಯ ಪಕ್ಕ ಯಾವುದನ್ನಿಡಬೇಕು, ಯಾವ ಗಾಯಕರನ್ನು ಕರೆಸಬೇಕು, ಧ್ವನಿ ಪರೀಕ್ಷೆಯಲ್ಲಿ ಯಾರನ್ನು ಒಳಗೆ ಬಿಡಬೇಕು, ವಯಸ್ಸಾಗಿ ದನಿ ನಡುಗುತ್ತಿರುವ ಹಳಬರಿಗೆ ಹೇಗೆ ಹೇಳಬೇಕು, ಎಲ್ಲವೂ ಅವರ ತಲೆಯ ಮೇಲೆ. ಮೂವತ್ತೊಂಬತ್ತು ವರ್ಷ ಒಬ್ಬರ ಕಣ್ಸನ್ನೆಗೆ ಒಗ್ಗಿಹೋದ ವೃಂದಕ್ಕೆ ಬೇರೊಬ್ಬರ ಕೈಭಾಷೆ ಕಲಿಸುವುದಂತೂ ಹೊಸ ಹಾಡು ಕಲಿಸಿದ್ದಕ್ಕಿಂತ ಕಷ್ಟ.

ಇಷ್ಟಾದರೂ ಕ್ವಾಯರಿನ ವರ್ಷದ ಚಕ್ರ ಹಳೆಯ ಹಾದಿಯಲ್ಲೇ ತಿರುಗುತ್ತದೆ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಕಛೇರಿ, ವಸಂತಕ್ಕೊಂದು, ನಡುನಡುವೆ ಮಂಗಳವಾರದ ಮಧ್ಯಾಹ್ನಗಳು, ಶಾಲಾ ಮಕ್ಕಳಿಗಾಗಿ ಬೇರೆ ಕಾರ್ಯಕ್ರಮ. ಮೇ ತಿಂಗಳು ಬಂದರೆ ಬಾಖ್ ಉತ್ಸವ. ಉತ್ಸವ ಎಂದರೆ ‘ಬಿ ಮೈನರ್ ಮಾಸ್’ ಇರಲೇಬೇಕು. ನಿರ್ದೇಶಕರು ಬದಲಾದರೂ ಆ ಕೃತಿಯ ಜಾಗ ಬದಲಾಗಿಲ್ಲ.

ಒಂದೇ ಕೃತಿಯನ್ನು ವರ್ಷವರ್ಷವೂ ಹಾಡಿದರೆ ಬೇಸರವಾಗದೆ ಎಂದು ಕೇಳಬಹುದು. ತಿರುವಯ್ಯಾರಿಗೆ ಹೋಗಿಬಂದವರು ಕೇಳಲಾರರು. ಪುಷ್ಯ ಬಹುಳ ಪಂಚಮಿಯಂದು ಕಾವೇರಿಯ ದಂಡೆಯಲ್ಲಿ ಸಾವಿರಾರು ಕಂಠಗಳು ತ್ಯಾಗರಾಜರ ಅದೇ ಐದು ಪಂಚರತ್ನ ಕೃತಿಗಳನ್ನು ಪ್ರತಿ ವರ್ಷ ಹಾಡುತ್ತವೆ. ಅಲ್ಲಿ ಹಾಳುಬಿದ್ದಿದ್ದ ಸಮಾಧಿಗೆ ಗುಡಿ ಕಟ್ಟಿಸಿ, ಹೆಣ್ಣುಮಕ್ಕಳಿಗೂ ಹಾಡುವ ಹಕ್ಕು ದೊರಕಿಸಲು ಹೋರಾಡಿದವರು ನಂಜನಗೂಡು ಸೀಮೆಯ ನಮ್ಮ ಬೆಂಗಳೂರು ನಾಗರತ್ನಮ್ಮ. ಇತ್ತ ನಾಗರತ್ನಮ್ಮ, ಅತ್ತ ರೂತ್ ಡಾಸ್ಟರ್. ದೊಡ್ಡ ವಾಗ್ಗೇಯಕಾರರ ಹೆಸರು ಉಳಿಯುವುದು ಹೀಗೆ ಹಟ ಹಿಡಿದು ಮನೆಮನೆ ತಿರುಗಿದವರಿಂದ.

ಮಂಗಳೂರಿಗೂ ಬಂದ ಧಾಟಿ

ಬಾಖ್ ಎಂದರೆ ನಮಗೆ ಸಂಬಂಧವಿಲ್ಲದ ದೂರದ ಸಂಗೀತ ಎಂದುಕೊಳ್ಳಬೇಕಿಲ್ಲ. ಅವನ ಪ್ಯಾಶನ್‌ಗಳ, ಕ್ಯಾಂಟಾಟಾಗಳ ಬೆನ್ನೆಲುಬು ‘ಕೋರಲ್’ ಎಂಬ ಜರ್ಮನ್ ಭಕ್ತಿಗೀತೆಗಳು. ಚರ್ಚಿಗೆ ಬಂದ ಸಾಮಾನ್ಯ ಜನ ಹಾಡುತ್ತಿದ್ದ ಸರಳ ಧಾಟಿಗಳಿಗೆ ಅವನು ನಾಲ್ಕು ದನಿಗಳ ಅಲಂಕಾರ ತೊಡಿಸಿದ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರೂ ಅದೇ ಗೀತೆಗಳ ಪರಂಪರೆಯವರು. ನಿಘಂಟಿನ ಕಿಟೆಲ್ ಸೇರಿದಂತೆ ಅವರಲ್ಲಿ ಹಲವರು ಕನ್ನಡದಲ್ಲಿ ಕ್ರೈಸ್ತ ಗೀತೆಗಳನ್ನು ಬರೆದರು, ಜರ್ಮನ್ ಧಾಟಿಗೆ ಕನ್ನಡದ ಮಾತು ಕೂರಿಸಿದರು. ಕರಾವಳಿಯ, ಧಾರವಾಡ–ಹುಬ್ಬಳ್ಳಿ ಕಡೆಯ ಹಳೆಯ ಬಾಸೆಲ್ ಮಿಷನ್ ಚರ್ಚುಗಳಲ್ಲಿ ಭಾನುವಾರ ಹಾಡುವ ಕ್ವಾಯರುಗಳು ಆ ಪರಂಪರೆಯಿಂದ ಬಂದವು. ನಮ್ಮ ಸಂಗೀತದ ಚರಿತ್ರೆ ಬರೆದವರು ಇವರಿಗೆ ಒಂದು ಪುಟವನ್ನೂ ಕೊಟ್ಟಂತಿಲ್ಲ.

ಒಟ್ಟಾಗಿ ಹಾಡುವ ರೂಢಿ ನಮ್ಮಲ್ಲಿ ಬೇಕಾದಷ್ಟಿತ್ತು. ಸೋಬಾನೆ, ಕೋಲಾಟ, ಭಜನೆ, ನಾಟಕ ಕಂಪನಿಯ ಮೇಳಗೀತೆ, ಬೆಳಗಿನ ಶಾಲಾ ಪ್ರಾರ್ಥನೆ. ಈಗ ಶಾಲೆಯಲ್ಲಿ ಧ್ವನಿವರ್ಧಕ ಹಾಡುತ್ತದೆ, ಮಕ್ಕಳು ನಿಂತಿರುತ್ತಾರೆ. ಮದುವೆ ಮನೆಯಲ್ಲಿ ಟ್ರ್ಯಾಕ್ ಹಾಕಿ ಒಬ್ಬರು ಮೈಕ್ ಹಿಡಿಯುತ್ತಾರೆ, ಉಳಿದವರು ಮೊಬೈಲ್ ಎತ್ತಿ ಚಿತ್ರೀಕರಿಸುತ್ತಾರೆ. ಚೆನ್ನಾಗಿ ಹಾಡುವವರಿಗೆ ಸ್ಪರ್ಧೆಗಳಿವೆ, ಟಿವಿ ಇದೆ. ಸುಮಾರಾಗಿ ಹಾಡುವವರಿಗೆ ಕೂತು ಹಾಡಲು ಜಾಗವಿಲ್ಲ. ಬೆತ್ಲೆಹೆಮ್ ಹೇಳುವ ಪಾಠ ಇಲ್ಲಿದೆ: ಸುಮಾರಾಗಿ ಹಾಡುವ ಎಂಬತ್ತು ಜನ, ಬಗ್ಗದ ಒಬ್ಬ ಮೇಷ್ಟ್ರು, ಒಂದು ವರ್ಷದ ತಾಲೀಮು ಇದ್ದರೆ ಅತಿ ಕಷ್ಟದ ಕೃತಿಯೂ ಊರಿನ ಸ್ವತ್ತಾಗುತ್ತದೆ. ಹಾಗೆ ಊರಿನ ಸ್ವತ್ತಾದ ಹಾಡು ಮೇಷ್ಟ್ರು ಹೋದಾಗ ಒಮ್ಮೆ ನಿಂತರೂ ಮತ್ತೆ ಏಳುತ್ತದೆ.

ಮಕ್ಕಳನ್ನು ನೋಡಲೆಂದು ನ್ಯೂಜೆರ್ಸಿಗೋ ಫಿಲಡೆಲ್ಫಿಯಾಕ್ಕೋ ಹೋಗುವ ಅಪ್ಪ ಅಮ್ಮಂದಿರು ನಮ್ಮಲ್ಲಿ ಬಹಳ. ಅವರಿಗೊಂದು ಮಾತು. ನಯಾಗರ, ಲಿಬರ್ಟಿ ಪ್ರತಿಮೆ ಎಲ್ಲ ಆದ ಮೇಲೆ ತಿಂಗಳ ಎರಡನೇ ಮಂಗಳವಾರ ‘ಬಾಖ್ ಅಟ್ ನೂನ್’ ಕೇಳಲು ಬೆತ್ಲೆಹೆಮ್‌ಗೆ ಕರೆದುಕೊಂಡು ಹೋಗುವಂತೆ ಮಕ್ಕಳಿಗೆ ಹೇಳಿ. ನ್ಯೂಯಾರ್ಕ್‌ನಿಂದ ಕಾರಿನಲ್ಲಿ ಸುಮಾರು ಎರಡು ತಾಸಿನ ದಾರಿ. ಎಲ್ಲ ತಿಂಗಳೂ ಕಛೇರಿ ಇರುವುದಿಲ್ಲ, ಜಾಗವೂ ಕೆಲವೊಮ್ಮೆ ಬದಲಾಗುತ್ತದೆ. ಮೊದಲೇ ವಿಚಾರಿಸಿಕೊಂಡು, ಸ್ವಲ್ಪ ಮುಂಚಿತವಾಗಿ ಹೋಗಿ ಕೂತುಕೊಳ್ಳಿ. ಟಿಕೆಟ್ ಇಲ್ಲ.